ಬದುವಿನ ಏಡಿಬಿಲ

(ಹಲಗೂರಿನಲ್ಲಿ ಉಪಾಧ್ಯಾಯರೂ ಪುರಜನರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯು ನಾಲ್ಕು ಗಂಟೆಗೆ ಪ್ರಾರಂಭವಾಗತಕ್ಕದ್ದೆಂದು ಆಹ್ವಾನಪತ್ರಿಕೆಯಲ್ಲಿತ್ತು. ಈಗ ನಾಲ್ಕೂ ಮುಕ್ಕಾಲಾಗಿದೆ. ಯಾರನ್ನೂ ದೂರುವುದಕ್ಕಾಗಿ ಈ ಮಾತನ್ನೆತ್ತಲಿಲ್ಲ. ತಡವಾಗಿ ಬಂದವರಲ್ಲಿ ನಾನೂ ಒಬ್ಬನು. ನಮ್ಮೆಲ್ಲರ ಪರವಾಗಿ ಒಂದು ನೆಪವನ್ನು ಮಾತ್ರ ಹೇಳಬಲ್ಲೆನು. ನಮ್ಮ ದೇಶದ ಗಡಿಯಾರಗಳು 1906ರಿಂದ ಪೂರ್ವ ರೇಖಾಂಶ 82½ ಡಿಗ್ರಿಯನ್ನು ಅನುಸರಿಸಿ ನಡೆಯುತ್ತಿವೆ. ಹಲಗೂರು ಆ ರೇಖೆಗೆ ಪಶ್ಚಿಮದಲ್ಲಿ 5 ಡಿಗ್ರಿಗೂ ತುಸು ಹೆಚ್ಚು ದೂರದಲ್ಲಿರುವುದರಿಂದ, ಸೂರ್ಯನಾರಾಯಣನು ಇಲ್ಲಿ ನೆತ್ತಿಗೇರುವಾಗ ಗಡಿಯಾರದಲ್ಲಿ ಸರಾಸರಿ ಹನ್ನೆರಡು ಗಂಟೆ ಇಪ್ಪತ್ತು ನಿಮಿಷವಾಗಿರುವುದು. ಸೂರ್ಯನೇ ಇಪ್ಪತ್ತು ನಿಮಿಷ ತಡಮಾಡುವ ಊರಿನಲ್ಲಿ ನಾವು ಉಳಿದ ಇಪ್ಪತ್ತೈದಕ್ಕೆ ಮಾತ್ರ ಉತ್ತರವಾದಿಗಳು!

ಕಾಲದ ವಿಷಯವಾಗಿ ಮಾತನಾಡುವವರು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನೆತ್ತಿ ಸಭಿಕರನ್ನು ಹೆದರಿಸುವ ರೂಢಿಯುಂಟು. ನೂರು ವರ್ಷ ಬದುಕಿದ ಆ ಪುಣ್ಯಪುರುಷರು ಕಾಲವನ್ನು ಪಾಲಿಸಿದಂತೆ ನಾನು ಒಂದು ವಾರವಾದರೂ ಪಾಲಿಸಲಾರೆನು. ಆದುದರಿಂದ ಅವರನ್ನು ಬಿಟ್ಟು, ಅವರ ಹೆಸರಿನ ನಾಲೆಯ ನೀರಿನಿಂದ ಗದ್ದೆಮಾಡುವ ರೈತನಿಂದಲೇ ನನ್ನ ಮಾತನ್ನು ಪ್ರಾರಂಭಿಸುವೆನು.

ಮಂಡ್ಯ ಮದ್ದೂರಿನ ಬಯಲಿನಲ್ಲಿ ನೀರು ಕಟ್ಟಿದ ಗದ್ದೆಯನ್ನು ನೀವೆಲ್ಲರೂ ನೋಡಿದ್ದೀರಿ. ಬದು ಒಡೆದು ನೀರು ನುಗ್ಗಿದರೆ ಸದ್ದಾಗುವುದು, ನೆರೆಯವನು ಕೂಗುವನು, ನಾಲ್ಕು ಜನ ಗುದ್ದಲಿ ಹಿಡಿದು ಓಡಿಬರುವರು. ಏಡಿಯು ಕೊರೆದ ಬಿಲದ ಸಂಗತಿ ಹಾಗಲ್ಲ. ಅದು ಹೆಬ್ಬೆರಳಿನಷ್ಟು ದಪ್ಪದ್ದು. ಅದರಲ್ಲಿ ನೀರು ಸದ್ದಿಲ್ಲದೆ ಇಳಿಯುವುದು. ಸಂಜೆ ತುಂಬಿದ್ದ ಗದ್ದೆಯು ಬೆಳಗಾಗುವಷ್ಟರಲ್ಲಿ ಬತ್ತಿ, ಪೈರಿನ ಬುಡ ಕಾಣಿಸುತ್ತಿರುವುದು. ನಾಲೆಯ ನೀರಿನ ಸರದಿ ಆಗಲೇ ಮುಂದಿನವನಿಗೆ ಹೋಗಿರುವುದು. ಇದನ್ನು ಬಲ್ಲ ರೈತನು ಕೋಳಿ ಕೂಗುವ ಹೊತ್ತಿಗೆ ಬದುವಿನ ಮೇಲೆ ಒಂದು ಸುತ್ತು ನಡೆದುಬರುತ್ತಾನೆ. ಅಷ್ಟೇ ಅವನ ವಿದ್ಯೆ. ಏಡಿಯೊಡನೆ ಅವನಿಗೆ ದ್ವೇಷವಿಲ್ಲ, ನೀರಿನ ಮೇಲೆ ಉಪನ್ಯಾಸವೂ ಇಲ್ಲ; ಬದುವನ್ನು ನೋಡುತ್ತಾನೆ.

ನಮ್ಮ ದಿನವೂ ಇಂತಹ ಗದ್ದೆಯೇ. ಸೋಮಾರಿತನವೆಂಬ ದೊಡ್ಡ ಒಡಕು ಎಲ್ಲರ ಕಣ್ಣಿಗೂ ಬೀಳುವುದು. ಅದಕ್ಕೆ ಮನೆಯವರ ಬೈಗುಳವುಂಟು, ಮೇಲಧಿಕಾರಿಗಳ ನೋಟೀಸೂ ಉಂಟು. ‘ಐದೇ ನಿಮಿಷ’ವೆಂಬ ಏಡಿಬಿಲಕ್ಕೆ ಯಾರ ಕಾವಲೂ ಇಲ್ಲ. ಎಲ್ಲಿಟ್ಟೆವೆಂದು ತಿಳಿಯದ ಕನ್ನಡಕವನ್ನು ಹುಡುಕುವುದು, ಆಗಲೇ ನಿರ್ಧರಿಸಿದ್ದನ್ನು ಮತ್ತೆ ಚರ್ಚಿಸುವುದು, ಬಾರದ ಮುಖ್ಯ ಅತಿಥಿಗಾಗಿ ಕಾಯುವುದು, ಕಾಗದವೊಂದನ್ನು ಮೂರು ಸಲ ತೆರೆದು ಮೂರು ಸಲವೂ ಉತ್ತರ ಬರೆಯದೆ ಮಡಿಚಿಡುವುದು.

ನಮ್ಮ ಹಿರಿಯರ ಲೆಕ್ಕದಲ್ಲಿ ಹಗಲಿರುಳು ಸೇರಿ 60 ಗಳಿಗೆ. ಒಂದು ಗಳಿಗೆಗೆ 24 ನಿಮಿಷ. ಅದನ್ನು ಅಳೆಯುತ್ತಿದ್ದುದೂ ಒಂದು ತೂತಿನಿಂದಲೇ. ತಳದಲ್ಲಿ ಸಣ್ಣ ರಂಧ್ರವಿದ್ದ ಗಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಬಿಡುತ್ತಿದ್ದರು. ನೀರು ತುಂಬಿ ಬಟ್ಟಲು ಮುಳುಗಿದರೆ ಗಳಿಗೆಯಾಯಿತು. ಮದುವೆಯ ಮುಹೂರ್ತಕ್ಕಾಗಿ ಒಬ್ಬರು ಅದರ ಮುಂದೆ ಕಣ್ಣಿಟ್ಟು ಕುಳಿತಿರುತ್ತಿದ್ದರು. ನಾವು ದಿನಕ್ಕೆ ಎರಡೇ ಗಳಿಗೆಯನ್ನು ಸೋರಬಿಟ್ಟೆವೆಂದಿಟ್ಟುಕೊಳ್ಳಿರಿ. ವರ್ಷಕ್ಕೆ 292 ಗಂಟೆಗಳಾದವು. ಎಂಟು ಗಂಟೆಯ ದುಡಿಮೆಯ ದಿನಗಳಾಗಿ ಎಣಿಸಿದರೆ 36ಕ್ಕೂ ಹೆಚ್ಚು ದಿನಗಳು.

ಈ 36 ದಿನಗಳ ಬೆಲೆಯನ್ನು ಮಳವಳ್ಳಿ ಸೀಮೆಯ ರೇಷ್ಮೆ ಸಾಕುವ ಮನೆಯವರಿಗೆ ನಾನು ಹೇಳಬೇಕಾಗಿಲ್ಲ. ಮೊಟ್ಟೆಯೊಡೆದ ಹುಳು ನಾಲ್ಕು ಜ್ವರಗಳನ್ನು ಕಳೆದು, ಹಣ್ಣಾಗಿ, ಚಂದ್ರಿಕೆಯನ್ನೇರಿ ಗೂಡು ಕಟ್ಟಿ ಮುಗಿಸುವುದಕ್ಕೆ ಒಂದು ತಿಂಗಳೂ ಹಿಡಿಯದು. ನಮ್ಮ ತಾಯಿಯವರು ಹುಳು ಸಾಕುತ್ತಿದ್ದರು. ನಡುರಾತ್ರಿ ಲಾಟೀನು ಹಿಡಿದು ಎದ್ದು ಸೊಪ್ಪು ಕೊಡುತ್ತಿದ್ದರು. ಹುಳು ಹಣ್ಣಾದ ದಿನ ಅವರಿಗೆ ಊಟದ ಪರಿವೆಯಿರುತ್ತಿರಲಿಲ್ಲ. ಏರಿಸುವುದು ತಡವಾದರೆ ಅದು ತಟ್ಟೆಯಲ್ಲಿಯೇ ನೂಲು ಬಿಟ್ಟು ಹಾಳುಮಾಡುವುದು. ‘ಹುಳ ಕಾಯಾಕಿಲ್ಲ ಕಣಪ್ಪಾ’ ಎನ್ನುತ್ತಿದ್ದರು. ಗಡಿಯಾರ ನೋಡಲು ಬಾರದವರು ಅವರು.

ಗಡಿಯಾರ ನೋಡಲು ಬಲ್ಲ ನನ್ನ ಕಥೆಯನ್ನೂ ಕೇಳಿರಿ. ನಿವೃತ್ತನಾಗುವ ವರ್ಷ ಒಂದು ಮಧ್ಯಾಹ್ನ ಬಿಡುವಿನ ವೇಳೆಯಲ್ಲಿ ಕುಳಿತಿದ್ದೆನು; ಕೈಯಲ್ಲಿ ಮೊಬೈಲು. ಏಳನೆಯ ತರಗತಿಯ ಹುಡುಗನೊಬ್ಬನು ಬಾಗಿಲಲ್ಲಿ ನಿಂತು, “ಸಾರ್, ಒಂದು ಕೇಳಬೇಕಾಗಿತ್ತು” ಎಂದನು. “ಐದು ನಿಮಿಷ ತಡೆಯಪ್ಪ” ಎಂದೆನು. ಯಾರದೋ ಊರಿನ ಯಾವುದೋ ಜಗಳದ ಚಿತ್ರವನ್ನು ನೋಡುತ್ತಿದ್ದೆನೆಂದು ತೋರುತ್ತದೆ, ಈಗ ನೆನಪಿಲ್ಲ. ಗಂಟೆ ಬಾರಿಸಿದಾಗ ತಲೆಯೆತ್ತಿದರೆ ಬಾಗಿಲಲ್ಲಿ ಹುಡುಗನಿರಲಿಲ್ಲ. ಮರುದಿನ ಕರೆದು ಕೇಳಿದೆನು. ನೆಲ ನೋಡುತ್ತ, “ಮರೆತುಹೋಯಿತು ಸಾರ್” ಎಂದನು. ಬಹು ಮೆತ್ತಗಿನ ಸ್ವಭಾವದ ಹುಡುಗನು. ಅಲ್ಲಿಯವರೆಗೆ ಎಂದೂ ಪ್ರಶ್ನೆ ಕೇಳಿದವನಲ್ಲ. ಆಮೇಲೂ ಕೇಳಲಿಲ್ಲ.

ಆ ದಿನದಿಂದ ಒಂದು ವಾರ ನೋಟುಬುಕ್ಕಿನಲ್ಲಿ ಲೆಕ್ಕ ಬರೆದೆನು. ಮೊಬೈಲನ್ನು ಕೈಗೆತ್ತಿಕೊಂಡಾಗಲೆಲ್ಲ ಒಂದು ಗೀಟು. ಕಾರಣವಿದ್ದರೆ ಪಕ್ಕದಲ್ಲಿ ಒಂದು ಮಾತು. ಮೊದಲನೆಯ ದಿನ ಗೀಟುಗಳನ್ನು ಎಣಿಸಿ ನಾಚಿಕೆಯಾಯಿತು. ಮುಕ್ಕಾಲು ಪಾಲಿಗೆ ಎದುರು ಮಾತೇ ಇರಲಿಲ್ಲ. ಮೂರನೆಯ ದಿನಕ್ಕೆ ಗೀಟುಗಳು ತಾವಾಗಿಯೇ ಅರ್ಧಕ್ಕಿಳಿದವು. ನಾನು ವ್ರತ ಹಿಡಿದಿರಲಿಲ್ಲ. ಬರೆಯಬೇಕಲ್ಲಾ ಎಂಬ ಬೇಸರಕ್ಕೆ ಕೈ ಹಿಂದೆ ಸರಿಯುತ್ತಿತ್ತು!

ಈ ಯಂತ್ರದ ವಿಷಯದಲ್ಲಿ ಪೂರ್ತಿ ತಪ್ಪು ನಮ್ಮದೇ ಎನ್ನಲಾಗದು. ವೃತ್ತಪತ್ರಿಕೆಗೆ ಕೊನೆಯ ಪುಟವುಂಟು. ಅಲ್ಲಿ ಮಡಿಚಿಟ್ಟು ಏಳುತ್ತೇವೆ. ಬೆರಳಾಡಿಸಿದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ಏಜಾ ರಾಸ್ಕಿನ್ ಎಂಬ ಅಮೆರಿಕದವರು ರಚಿಸಿದರು. ಅದಕ್ಕಾಗಿ ಅವರೇ ಮುಂದೆ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಕೊನೆಯಿಲ್ಲದ ಕಡೆ ಏಳುವುದೆಲ್ಲಿ? ಇನ್ನೊಂದು ಸಂಗತಿ. ಕೆಲಸದಿಂದ ಕೆಲಸಕ್ಕೆ ಹಾರಿದಾಗ ಮನಸ್ಸಿನ ಒಂದು ಪಾಲು ಹಿಂದಿನದರಲ್ಲಿಯೇ ಉಳಿಯುವುದೆಂದು ಸೋಫಿ ಲೆರಾಯ್ ಎಂಬ ವಿದುಷಿಯು 2009ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿದ್ದಾರೆ. ಹಾಗಾದರೆ ಎರಡು ನಿಮಿಷದ ಬಿಲದಲ್ಲಿ ಸೋರುವುದು ಎರಡು ನಿಮಿಷ ಮಾತ್ರವಲ್ಲ.

ಉಪಾಧ್ಯಾಯ ಮಿತ್ರರಿಗೆ ವಿಶೇಷವಾಗಿ ಒಂದು ಮಾತು. ಮೂವತ್ತು ಮಕ್ಕಳ ತರಗತಿಗೆ ನಾವು ಐದು ನಿಮಿಷ ತಡವಾಗಿ ಹೋದರೆ ಕಳೆದುದು ಐದು ನಿಮಿಷವಲ್ಲ, ನೂರೈವತ್ತು. ನಲವತ್ತು ನಿಮಿಷದ ಪಾಠದಲ್ಲಿ ಎಂಟನೆಯ ಒಂದು ಪಾಲು ಹೋಯಿತು. ಪಾಠದ ನಡುವೆ ಮಾಹಿತಿ ಕೇಳಿ ಬರುವ ಸಂದೇಶಗಳಿಗೆ ಉತ್ತರಿಸಬೇಕಾದ ಕಷ್ಟವನ್ನು ನಾನೂ ಅನುಭವಿಸಿದವನೇ. ಅವುಗಳಲ್ಲಿ ಎಷ್ಟು ಸಂಜೆಯವರೆಗೆ ಕಾಯಬಲ್ಲವೆಂಬುದನ್ನು ಒಂದು ವಾರ ಗುರುತಿಸಿ, ಆ ಪಟ್ಟಿಯನ್ನು ಕೇಳುವವರ ಮುಂದಿಡಿರಿ. ಬರಿಯ ಗೊಣಗಾಟಕ್ಕಿಂತ ಪಟ್ಟಿಗೆ ಬಲ ಹೆಚ್ಚು.

ಹಾಗೆಂದು ಜಗಲಿಯ ಮಾತನ್ನೂ ಕಾಫಿಯ ಹೊತ್ತನ್ನೂ ಬಿಟ್ಟುಬಿಡಿರೆಂದು ನಾನು ಹೇಳಿದೆನೆಂದು ತಿಳಿಯಬೇಡಿರಿ. ಅಜ್ಜನು ಮೊಮ್ಮಗಳಿಗೆ ಕಥೆ ಹೇಳುವ ಗಳಿಗೆ ಸೋರಿದುದಲ್ಲ, ಹರಿಸಿದುದು. ಸಂಜೆ ಸುಮ್ಮನೆ ಕುಳಿತು ಶಿಂಷೆಯ ನೀರನ್ನು ನೋಡಿ ಬಂದವನೂ ಏನನ್ನೂ ಕಳೆದುಕೊಂಡಿಲ್ಲ. ಎಲ್ಲಿದ್ದೆಯೆಂದು ಕೇಳಿದರೆ ಅವನು ಹೇಳಬಲ್ಲನು. ನಾನು ಆ ಮಧ್ಯಾಹ್ನ ಎಲ್ಲಿದ್ದೆನೆಂದು ನನಗೆ ಹೇಳಲಾಗುತ್ತಿಲ್ಲ.

ನನಗೆ ಕೊಟ್ಟ ಕಾಲ ಮುಗಿಯಿತು. ಹಿಂದಿನ ಸಾಲಿನಲ್ಲಿ ಇಬ್ಬರು ಹುಡುಗರು ಆಗಿನಿಂದಲೂ ಕೈಯೆತ್ತುವುದೂ ಇಳಿಸುವುದೂ ಮಾಡುತ್ತಿದ್ದಾರೆ. ಕನಕಪುರದ ಕಡೆಯ ಬಸ್ಸಿಗೆ ಇನ್ನೂ ಒಂದು ಗಳಿಗೆಯಿದೆ. ಬನ್ನಿರಪ್ಪ, ಮುಂದೆ ಬನ್ನಿರಿ, ಮೊದಲು ನೀವು ಕೇಳಿರಿ.