ಒಂದು ಕೂರು, ಎರಡು ಗೂರು



ಈ ಸಂಜೆಯ ವಿಷಯವು ಬಿಯರ್ ಎಂದೊಡನೆ ಕೆಲವು ಹಿರಿಯರ ಹುಬ್ಬು ಮೇಲೇರಿದುದನ್ನು ಕಂಡೆವು. ಪಾನವನ್ನು ಹೊಗಳಲು ನಾವು ಬಂದವರಲ್ಲ. ಪದವೊಂದರ ಬಾಳನ್ನು ಕುರಿತು ನಾಲ್ಕು ಮಾತನ್ನಾಡಲು ಬಂದವರು.

ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್ ನಾಡಿನ ನುಡಿಯಲ್ಲಿ ಬಿಯರಿಗೆ ‘ಕೂರು’ ಎನ್ನುವರು. ಕನ್ನಡಿಗನು ಅಲ್ಲಿನ ಪಾನಗೃಹವನ್ನು ಹೊಕ್ಕು ಆ ಮಾತನ್ನು ಕೇಳಿದರೆ, ಆಸನ ತೋರಿಸುತ್ತಿದ್ದಾರೆಂದು ಭಾವಿಸಿ ಕುಳಿತೇಬಿಟ್ಟಾನು! ಪದವು ಬಹು ಹಳೆಯದು. ಇದರ ದಾಯಾದಿಯಾದ ‘ಕೂರ್ಮಿ’ ಎಂಬ ಪೇಯವನ್ನು ಒಂದನೆಯ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸನು ಹೆಸರಿಸಿದ್ದಾನೆ. ನಮ್ಮ ‘ಕಳ್ಳು’ ಸಹ ಹೀಗೆಯೇ ತಮಿಳು, ಮಲಯಾಳಗಳೊಡನೆ ಹಂಚಿಕೊಂಡ ಪುರಾತನ ಪದ. ‘ಹೆಂಡ’ವೋ, ಹನ್ನೆರಡನೆಯ ಶತಮಾನದ ಶರಣ ಹೆಂಡದ ಮಾರಯ್ಯನ ಹೆಸರಿನಲ್ಲೇ ನೆಲೆಸಿದೆ.

ವೇಲ್ಸಿನವನು ಒಂದು ಬಿಯರ್ ಬೇಕಾದಾಗ ‘ಕೂರು’ ಎನ್ನುತ್ತಾನೆ. ಎರಡಾದರೆ ಅದು ‘ಗೂರು’, ಮೂರಾದರೆ ‘ಖೂರು’. ಇದು ಅಮಲಿನ ತೊದಲಲ್ಲ, ವ್ಯಾಕರಣ! ಹಿಂದಿನ ಪದಕ್ಕೆ ತಕ್ಕಂತೆ ಮುಂದಿನ ಪದದ ಮೊದಲಕ್ಷರ ಅಲ್ಲಿ ಬದಲಾಗುತ್ತದೆ. ಕಕಾರವು ಗಕಾರ, ತಕಾರವು ದಕಾರ, ಪಕಾರವು ಬಕಾರವಾಗುತ್ತದೆ. ನಮ್ಮ ಮಳೆಗಾಲ, ಬೆಟ್ಟದಾವರೆ, ಕಂಬನಿಗಳನ್ನು ನೆನೆಯಿರಿ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಆದೇಶಸಂಧಿಯೇ ಅಲ್ಲವೇ? ಎರಡು ನುಡಿಗಳಿಗೂ ನೆಂಟಸ್ತಿಕೆಯಿಲ್ಲ; ಆದರೂ ನಡಿಗೆ ಒಂದೇ. ಸಂಖ್ಯೆಯ ಮುಂದೆ ಬಹುವಚನ ಬೇಡವೆಂಬ ಪದ್ಧತಿಯೂ ಅವರಲ್ಲಿದೆ. ‘ಎರಡು ದೋಸೆ’ ಎಂಬ ನಮ್ಮ ರೂಢಿಯಂತೆ.

ಆ ನುಡಿಯನ್ನು ಬಲ್ಲವರು, 2021ರ ಜನಗಣತಿಯಂತೆ, ವೇಲ್ಸಿನಲ್ಲಿ ಶೇಕಡಾ 17.8 ಮಾತ್ರ. ಆದರೂ 1865ರಲ್ಲಿ ‘ಮಿಮೋಸಾ’ ಹಡಗನ್ನೇರಿ ಅರ್ಜೆಂಟೀನಾದ ಪ್ಯಾಟಗೋನಿಯಾಕ್ಕೆ ಹೋದವರ ಸಂತತಿಯಲ್ಲಿ ಇಂದಿಗೂ ಅದನ್ನಾಡುವವರಿದ್ದಾರೆ. ಕಡಲಾಚೆಯಲ್ಲಿ ಬಾಳುವ ನಮಗೆ ಇದು ಸಣ್ಣ ಸಮಾಧಾನವಲ್ಲ.

ಎರವಲು ಪದಗಳಿಗೆ ನಾವು ಅಂಜಬೇಕಿಲ್ಲ. ‘ಬಸ್ಸಿನಲ್ಲಿ’, ‘ಕಾರಿಗೆ’ ಎಂದಾಗ ಪರಭಾಷೆಯ ಪದ ಕನ್ನಡಕ್ಕೆ ಬಾಗಿದೆ. ಅದು ನಮ್ಮ ನುಡಿಯ ಶಕ್ತಿ. ಆದರೆ ನಾವು ತಂಗಿರುವ ಮನೆಯ ಮಗು ಬೆಳಿಗ್ಗೆ ತಾಯಿಯನ್ನು ‘ಟೂ ದೋಸಾಸ್’ ಎಂದು ಕೇಳಿತು. ಅಲ್ಲಿ ಬಾಗಿದ್ದು ಕನ್ನಡದ ಪದ. ದೋಸೆ ಉಳಿಯಿತು, ಕನ್ನಡ ಜಾರಿತು! ಮಗುವಿನದೇನೂ ತಪ್ಪಿಲ್ಲ, ಅದರ ಕಿವಿಗೆ ಬಿದ್ದದ್ದು ಅಷ್ಟೇ.

ನುಡಿಯು ರಾಜ್ಯೋತ್ಸವದ ವೇದಿಕೆಯಲ್ಲಿ ಮೆರೆಯುತ್ತದೆ. ಬದುಕುವುದು ಮಾತ್ರ ಊಟದ ಮೇಜಿನ ಬಳಿ, ‘ಇನ್ನೊಂದು ಬಡಿಸು’ ಎಂಬ ಮಾತಿನಲ್ಲಿ. ಈ ರಾತ್ರಿ ಮನೆಗೆ ಹೋದಾಗ, ಲೋಟದಲ್ಲಿ ಮಜ್ಜಿಗೆಯೇ ಇರಲಿ, ಮತ್ತೇನೇ ಇರಲಿ, ಮಕ್ಕಳ ಎದುರು ಅದನ್ನು ಕನ್ನಡದಲ್ಲಿ ಕೇಳೋಣ. ಇಷ್ಟೇ ನಮ್ಮ ಬಿನ್ನಹ.