ಮೊದಲು ನೀರು, ಆಮೇಲೆ ಔಷಧಿ: ಸಣ್ಣ ಹೊಂಡಗಳಲ್ಲಿ ತಿಲಾಪಿಯಾ ಮೀನಿನ ಆರೋಗ್ಯ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಹೊಂಡದಲ್ಲಿ ಮೀನುಗಳು ಸತ್ತು ತೇಲಿದ ಬೆಳಿಗ್ಗೆ ರೈತನು ಮೊದಲು ಧಾವಿಸುವುದು ಔಷಧಿ ಅಂಗಡಿಗೆ. ಆದರೆ ಒಂದೇ ರಾತ್ರಿಯಲ್ಲಿ ಬಹುಪಾಲು ಮೀನು ಸತ್ತಿದ್ದರೆ ಅದಕ್ಕೆ ಕಾರಣ ಸಾಮಾನ್ಯವಾಗಿ ರೋಗಾಣುವಲ್ಲ, ನೀರು. ತಿಂಗಳುಗಟ್ಟಲೆಯ ಶ್ರಮ, ಸಾಲ ಮಾಡಿ ತಂದ ಮೇವು ಎರಡೂ ಆ ರಾತ್ರಿಯೇ ಕೈಬಿಟ್ಟು ಹೋಗಿರುತ್ತವೆ.

ತಿಲಾಪಿಯಾ ಗಟ್ಟಿ ಜಾತಿಯ ಮೀನು. ಇತರ ಮೀನುಗಳು ತಾಳದ ನೀರಿನಲ್ಲಿಯೂ ಬದುಕಬಲ್ಲದು. ಈ ಗುಣವೇ ಸಾಕುವವರನ್ನು ಮೈಮರೆಸುತ್ತದೆ. ಕೆಟ್ಟ ನೀರಿನಲ್ಲಿ ಬದುಕಿರುವ ಮೀನು ಮೇವು ಬಿಡುತ್ತದೆ, ಬೆಳೆಯುವುದಿಲ್ಲ, ರೋಗಕ್ಕೆ ಬೇಗನೆ ತುತ್ತಾಗುತ್ತದೆ.

ಹಗಲಿನಲ್ಲಿ ನೀರಿನ ಹಸಿರು ಪಾಚಿಯು ಆಮ್ಲಜನಕವನ್ನು ನೀಡುತ್ತದೆ. ರಾತ್ರಿ ಆ ಪಾಚಿ, ಮೀನು, ತಳದ ಕೊಳೆ ಮೂರೂ ಅದನ್ನು ಬಳಸಿಕೊಳ್ಳುತ್ತವೆ. ಆದ್ದರಿಂದ ಸೂರ್ಯೋದಯದ ವೇಳೆಗೆ ಆಮ್ಲಜನಕವು ಅತ್ಯಂತ ಕಡಿಮೆ ಇರುತ್ತದೆ. ಮಧ್ಯಾಹ್ನದ ಪರೀಕ್ಷೆಯಲ್ಲಿ ಈ ಕೊರತೆ ಕಾಣದು. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಉತ್ತಮ. 3ಕ್ಕಿಂತ ಇಳಿದರೆ ಮೀನು ಬಳಲುತ್ತದೆ. ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಮೇವು ನಿಲ್ಲಿಸಿ, ಏರೇಟರ್ ನಡೆಸಬೇಕು ಅಥವಾ ಹೊಸ ನೀರು ಹಾಯಿಸಬೇಕು. ಕೊಳವೆ ಬಾವಿಯ ನೀರಿನಲ್ಲಿ ಸಾಮಾನ್ಯವಾಗಿ ಆಮ್ಲಜನಕ ಕಡಿಮೆ. ಅದನ್ನು ಎತ್ತರದಿಂದ ಚಿಮ್ಮಿಸಿ ಬೀಳಿಸುವುದು ಸೂಕ್ತ.

ಎರಡನೆಯ ಅಪಾಯ ಅಮೋನಿಯ. ಮೀನಿನ ವಿಸರ್ಜನೆ ಮತ್ತು ತಿನ್ನದೆ ಉಳಿದ ಮೇವಿನಿಂದ ಇದು ಉಂಟಾಗುತ್ತದೆ. ನೀರಿನ ರಸಸಾರ, ಅಂದರೆ ಪಿಎಚ್, ಮತ್ತು ಉಷ್ಣತೆ ಏರಿದಂತೆ ಇದರ ವಿಷ ಹೆಚ್ಚುತ್ತದೆ. ಎರಡೂ ಏರುವುದು ಮಧ್ಯಾಹ್ನದ ನಂತರ. ಆದ್ದರಿಂದ ಇದರ ಪರೀಕ್ಷೆಗೆ ಆ ಹೊತ್ತೇ ತಕ್ಕುದು. ಮೀನು ಮಂಕಾದ ಕೂಡಲೇ ಸುಣ್ಣ ಎರಚುವ ರೂಢಿಯಿದೆ. ಅಮೋನಿಯ ಹೆಚ್ಚಿರುವಾಗ ಸುಟ್ಟ ಸುಣ್ಣ ಹಾಕಿದರೆ ರಸಸಾರ ಏರಿ, ಉಳಿಯಬಹುದಾಗಿದ್ದ ಮೀನೂ ಸಾಯುತ್ತದೆ.

ಕಣ್ಣು ಉಬ್ಬುವುದು, ಮೀನು ಗಿರಗಿರನೆ ಸುತ್ತಿ ಈಜುವುದು, ಮೈಮೇಲೆ ಹುಣ್ಣು ಕಾಣುವುದು ರೋಗದ ಲಕ್ಷಣಗಳು. ಇಂತಹ ಸಂದರ್ಭದಲ್ಲಿ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರಿಗೆ ತಿಳಿಸಿ ತಪಾಸಣೆ ಮಾಡಿಸಬೇಕು. ಊಹೆಯ ಮೇಲೆ ಪ್ರತಿಜೈವಿಕ ಔಷಧಿ ಸುರಿಯುವುದು ಸಲ್ಲದು.

ಗ್ರಾಮ ಪಂಚಾಯಿತಿಗಳು ಗಮನಿಸಬೇಕಾದ ಅಂಶಗಳು:

1. ಇಲಾಖೆಯ ಅನುಮತಿ ಪಡೆದೇ ತಿಲಾಪಿಯಾ ಸಾಕುವಂತೆ ರೈತರಿಗೆ ತಿಳಿಸುವುದು.

2. ಹೊಂಡದ ಹೊರಗಂಡಿಗೆ ಸಣ್ಣ ಕಣ್ಣಿನ ಬಲೆ ಇರುವಂತೆ ನೋಡಿಕೊಳ್ಳುವುದು. ಈ ಮೀನು ಕೆರೆ ಸೇರಿದರೆ ಬೇಗನೆ ಸಂತತಿ ಹೆಚ್ಚಿಸಿಕೊಂಡು ಇತರ ಮೀನುಗಳ ಆಹಾರಕ್ಕೆ ಪೈಪೋಟಿ ನೀಡುತ್ತದೆ.

3. ಸತ್ತ ಮೀನನ್ನು ಕೆರೆ, ಹಳ್ಳಗಳಿಗೆ ಎಸೆಯದೆ, ಜಲಮೂಲದಿಂದ ದೂರ ಸುಣ್ಣ ಹಾಕಿ ಹೂಳಿಸುವುದು.

4. ನೀರು ಪರೀಕ್ಷಾ ಕಿಟ್ಟೊಂದನ್ನು ಮೀನು ಸಾಕುವ ಸ್ವಸಹಾಯ ಸಂಘಗಳ ಬಳಕೆಗೆ ಒದಗಿಸುವ ವಿಷಯವನ್ನು ಸಾಮಾನ್ಯ ಸಭೆಯಲ್ಲಿ ಮಂಡಿಸುವುದು.

ಒಬ್ಬ ರೈತನ ಹೊಂಡದ ನೀರು ಕೊನೆಗೆ ಹರಿದು ಸೇರುವುದು ಊರಿನ ಕೆರೆಗೆ. ಆದುದರಿಂದ ಹೊಂಡದ ನೀರಿನ ಚಿಂತೆ ರೈತನೊಬ್ಬನದೇ ಅಲ್ಲ, ಪಂಚಾಯಿತಿಯದೂ ಹೌದು.