ಹತ್ತು ಯಂತ್ರ, ಒಂದೇ ಲೆಕ್ಕ
(ವಿದ್ಯಾರ್ಥಿಗಳಿಗಾಗಿ ಮಾಡಿದ ಭಾಷಣದ ಬರಹ ರೂಪ)



ದೊಡ್ಡ ಲೆಕ್ಕಕ್ಕೆ ದೊಡ್ಡ ಯಂತ್ರವೇ ಬೇಕು, ಅದಕ್ಕಾಗಿ ಬೆಂಗಳೂರಿಗೋ ಪುಣೆಗೋ ಹೋಗಬೇಕು ಎಂಬ ಭಾವನೆ ನಮ್ಮ ಚಿಕ್ಕೋಡಿ, ನಿಪ್ಪಾಣಿ ಕಡೆಯ ಮಕ್ಕಳಲ್ಲಿದೆ. ಇದು ಪೂರ್ಣ ಸತ್ಯವಲ್ಲ. ಬೆಂಗಳೂರಿನ ಎನ್.ಎ.ಎಲ್. 1986ರಲ್ಲಿ ‘ಫ್ಲೋಸಾಲ್ವರ್’ ಕಟ್ಟಿದ್ದು, ಪುಣೆಯ ಸಿ-ಡ್ಯಾಕ್ 1991ರಲ್ಲಿ ‘ಪರಮ್ 8000’ ಹೊರತಂದದ್ದು ಒಂದೇ ತತ್ವದ ಮೇಲೆ: ಹಲವು ಚಿಕ್ಕ ಪ್ರೊಸೆಸರ್‌ಗಳನ್ನು ಜೋಡಿಸಿ ಕೆಲಸ ಹಂಚುವುದು.

ರಾಯಬಾಗದ ಹೊಲದಲ್ಲಿ ಕಬ್ಬು ಕಡಿಯುವ ಟೋಳಿಯನ್ನು ನೋಡಿದ್ದೀರಿ. ಮುಕಾದಮ ಸಾಲು ಹಂಚುತ್ತಾನೆ, ಎಲ್ಲರೂ ಏಕಕಾಲಕ್ಕೆ ಕಡಿಯುತ್ತಾರೆ. ಸಂಖ್ಯಾಶಾಸ್ತ್ರಕ್ಕೆ ಬಳಸುವ, ಉಚಿತವಾಗಿ ಸಿಗುವ ‘ಆರ್’ ಭಾಷೆಯಲ್ಲೂ ಹೀಗೆ ಮಾಡಬಹುದು. ಅದಕ್ಕೆ ಬೇಕಾದ ‘ಪ್ಯಾರಲಲ್’ ಪ್ಯಾಕೇಜ್ 2011ರಿಂದ ಆರ್ ಜೊತೆಗೇ ಬರುತ್ತದೆ.

ಮೊದಲು ಎಲ್ಲ ಗಣಕಯಂತ್ರಗಳಲ್ಲಿ ಆರ್‌ನ ಒಂದೇ ಆವೃತ್ತಿ ಇರಲಿ. ಎರಡನೆಯದಾಗಿ, ಮುಖ್ಯ ಯಂತ್ರದಿಂದ ಉಳಿದವುಗಳಿಗೆ ಪಾಸ್‌ವರ್ಡ್ ಇಲ್ಲದೆ ಪ್ರವೇಶ ಸಿಗುವಂತೆ ಎಸ್‌ಎಸ್‌ಎಚ್ ಕೀಲಿ ಸಿದ್ಧಪಡಿಸಿ. ನಂತರ ‘ಮೇಕ್‌ಕ್ಲಸ್ಟರ್’ ಆಜ್ಞೆಗೆ ಆ ಯಂತ್ರಗಳ ವಿಳಾಸ ಕೊಡಿ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಎದ್ದು ನಿಂತ ಪ್ರತಿ ಯಂತ್ರವೂ ಮುಖ್ಯ ಯಂತ್ರಕ್ಕೆ ತಾನೇ ತಿರುಗಿ ಸಂಪರ್ಕ ಮಾಡಬೇಕು. ಫೈರ್‌ವಾಲ್ ಅದನ್ನು ತಡೆದರೆ ಪರದೆ ಸುಮ್ಮನೆ ನಿಂತುಬಿಡುತ್ತದೆ. ಆದ್ದರಿಂದ ‘ಮಾಸ್ಟರ್’ ಎಂಬಲ್ಲಿ ಮುಖ್ಯ ಯಂತ್ರದ ಸರಿಯಾದ ವಿಳಾಸವನ್ನೂ, ‘ಪೋರ್ಟ್’ ಎಂಬಲ್ಲಿ ತೆರೆದಿಟ್ಟ ಸಂಖ್ಯೆಯನ್ನೂ ಕೊಡಿರಿ.

ಮುಖ್ಯ ಯಂತ್ರದಲ್ಲಿರುವ ಅಂಕಿ ಅಂಶ ಉಳಿದವುಗಳಿಗೆ ತಾನಾಗಿ ತಿಳಿಯದು. ‘ಕ್ಲಸ್ಟರ್‌ಎಕ್ಸ್‌ಪೋರ್ಟ್’ ಮೂಲಕ ಕಳಿಸಬೇಕು. ‘ಪಾರ್‌ಲ್ಯಾಪ್ಲೈ’ ಕೆಲಸ ಹಂಚಿ ಉತ್ತರಗಳನ್ನು ಒಟ್ಟುಗೂಡಿಸುತ್ತದೆ. ಮುಗಿದ ಮೇಲೆ ‘ಸ್ಟಾಪ್‌ಕ್ಲಸ್ಟರ್’ ಎನ್ನಲು ಮರೆಯಬೇಡಿ. ಯಂತ್ರಗಳ ನಡುವಿನ ಈ ಮಾತುಕತೆ ಗೂಢಲಿಪಿಯಲ್ಲಿ ಇರುವುದಿಲ್ಲ. ಹಾಗಾಗಿ ಕಾಲೇಜಿನ ಒಳಜಾಲದಲ್ಲಿ ಮಾತ್ರ ಇದನ್ನು ಬಳಸುವುದು ಕ್ಷೇಮ.

ಹತ್ತು ಯಂತ್ರ ಸೇರಿದರೆ ಹತ್ತು ಪಟ್ಟು ವೇಗ ಸಿಗುತ್ತದೆಂದು ತಿಳಿಯಬಾರದು. ಕೆಲಸ ಚಿಕ್ಕದಾದರೆ ಹಂಚುವುದಕ್ಕೇ ಹೆಚ್ಚು ಸಮಯ ಹೋಗುತ್ತದೆ. ಒಂದು ಹೆಜ್ಜೆಯ ಉತ್ತರಕ್ಕೆ ಇನ್ನೊಂದು ಕಾಯುವಂತಿದ್ದರೆ ಹಂಚಿ ಪ್ರಯೋಜನವಿಲ್ಲ.

ಆದರೆ ನಮಗೆ ತಕ್ಕ ಕೆಲಸವೂ ಇದೆ. 2005 ಮತ್ತು 2019ರಲ್ಲಿ ಕೃಷ್ಣೆಯ ಪ್ರವಾಹ ಅಥಣಿ, ಕಾಗವಾಡದ ಹಳ್ಳಿಗಳನ್ನು ಹೇಗೆ ಕಾಡಿತೆಂದು ನಿಮಗೆ ಗೊತ್ತು. ಹಳೆಯ ಮಳೆ ಲೆಕ್ಕವನ್ನು ಹತ್ತು ಸಾವಿರ ಸಲ ಮರು ಆಯ್ಕೆ ಮಾಡಿ, ಅಂಥ ಮಳೆ ಮತ್ತೆ ಬರುವ ಸಂಭವವನ್ನು ಅಂದಾಜಿಸಬಹುದು. ಇಲ್ಲಿ ಪ್ರತಿ ಸಲದ ಲೆಕ್ಕವೂ ಸ್ವತಂತ್ರ. ಟೋಳಿಗೆ ಹೇಳಿ ಮಾಡಿಸಿದ ಕೆಲಸ.

ಗುರುಗಳ ಅನುಮತಿ ಪಡೆದು, ಸಂಜೆ ಸುಮ್ಮನಿರುವ ಎರಡೇ ಯಂತ್ರಗಳಿಂದ ಆರಂಭಿಸಿರಿ. ನಮ್ಮ ನದಿಯ ಲೆಕ್ಕ ನಮ್ಮ ಮಕ್ಕಳೇ ಮಾಡುವಂತಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.